ದೋಣಿಯ ಲೆಕ್ಕ: ಪಡುಗಡಲ ಕಡಲ್ಗಳ್ಳರ ದಿನನಿತ್ಯದ ಬದುಕು

ಕ್ರಿ.ಶ. 1340ರ ದಶಕದ ಒಂದು ದಿನ ಕಲ್ಲಿಕೋಟೆಯ ಮಸೀದಿಯೊಂದಕ್ಕೆ ಪರದೇಶದವನೊಬ್ಬನು ಬಂದು ಸೇರಿದನು. ಅವನ ಮೈಮೇಲೆ ಷರಾಯಿಯೊಂದನ್ನು ಬಿಟ್ಟರೆ ಬೇರೆ ಬಟ್ಟೆಯಿರಲಿಲ್ಲ. ಅವನ ಸ್ಥಿತಿಯನ್ನು ಕೇಳಿ ಊರಿನ ಧರ್ಮಶಾಸ್ತ್ರಜ್ಞನೊಬ್ಬನು ಒಂದು ಉಡುಪನ್ನೂ, ಕಾಜಿಯು ಒಂದು ಮುಂಡಾಸನ್ನೂ, ವರ್ತಕನೊಬ್ಬನು ಇನ್ನೊಂದು ನಿಲುವಂಗಿಯನ್ನೂ ಕಳುಹಿಸಿಕೊಟ್ಟರು. ಕೆಲವೇ ವರ್ಷಗಳ ಹಿಂದೆ ದಿಲ್ಲಿಯ ಸುಲ್ತಾನನ ಆಸ್ಥಾನದಲ್ಲಿ ಕಾಜಿಯಾಗಿದ್ದ ಇಬ್ನ್ ಬತೂತನೇ ಆ ಮನುಷ್ಯ. ಕೊಲ್ಲಂನಿಂದ ಹೊನ್ನಾವರಕ್ಕೆ ಹೊರಟಿದ್ದ ಅವನ ಹಡಗನ್ನು ಬಾರಕೂರಿಗೂ ಹೊನ್ನಾವರಕ್ಕೂ ನಡುವಿನ ಚಿಕ್ಕ ದ್ವೀಪವೊಂದರ ಬಳಿ ಹನ್ನೆರಡು ಹಡಗುಗಳು ಮುತ್ತಿಕೊಂಡವು. ಸಿಂಹಳದ ಅರಸನು ಕೊಟ್ಟಿದ್ದ ರತ್ನಗಳು, ಬಟ್ಟೆಬರೆ, ದಾರಿಯ ಬುತ್ತಿ, ಸಜ್ಜನರು ಹರಸಿ ಕೊಟ್ಟಿದ್ದ ಕಾಣಿಕೆಗಳು ಎಲ್ಲವೂ ಹೋದವು. ಜೀವವೊಂದು ಉಳಿಯಿತು. ಹಡಗಿನಲ್ಲಿದ್ದವರನ್ನು ದಡಕ್ಕೆ ಇಳಿಸಿ ದೋಚಿದವರು ತಮ್ಮ ದಾರಿ ಹಿಡಿದರು.

ಆ ಹನ್ನೆರಡು ಹಡಗುಗಳಲ್ಲಿದ್ದವರು ಯಾರು? ಅಂದು ರಾತ್ರಿ ಅವರು ಏನು ಉಂಡರು? ಎಲ್ಲಿ ಮಲಗಿದರು? ಮಳೆಗಾಲ ಬಂದಾಗ ಏನು ಮಾಡುತ್ತಿದ್ದರು? ಇಬ್ನ್ ಬತೂತನು ಇದನ್ನೆಲ್ಲ ಹೇಳುವುದಿಲ್ಲ, ದೋಚಲ್ಪಟ್ಟವನಿಂದ ನಾವು ಅದನ್ನು ನಿರೀಕ್ಷಿಸಲೂ ಆಗದು. ಪಡುಗಡಲ ಕಡಲ್ಗಳ್ಳರ ಚರಿತ್ರೆಯೆಲ್ಲವೂ ಹೀಗೆಯೇ ಇದೆ. ಅದು ಕಳೆದುಕೊಂಡವರು ಬರೆದ ಚರಿತ್ರೆ. ಕಸಿದುಕೊಂಡವರು ತಮ್ಮ ಬಗ್ಗೆ ಬರೆದಿಟ್ಟದ್ದು ನಮ್ಮ ಕೈಗೆ ಬಂದಿಲ್ಲ. ಆದರೆ ಕಳೆದುಕೊಂಡವರು ತಮ್ಮ ನಷ್ಟವನ್ನು ಹೇಳಿಕೊಳ್ಳುವಾಗ ಬಾಯಿತಪ್ಪಿ ಉದುರಿಸಿದ ಸಂಗತಿಗಳು ಕೆಲವಿವೆ. ಅವುಗಳನ್ನು ಹೆಕ್ಕಿ ಜೋಡಿಸಿದರೆ ಒಂದು ಬದುಕಿನ ಚಹರೆ ಮೂಡುತ್ತದೆ.

ಕಡಲ್ಗಳ್ಳ ಎಂದೊಡನೆ ಇಂದಿನ ಮಕ್ಕಳ ಕಣ್ಣಮುಂದೆ ನಿಲ್ಲುವುದು ಒಕ್ಕಣ್ಣಿನ, ಮರಗಾಲಿನ, ಹೆಗಲ ಮೇಲೆ ಗಿಳಿಯನ್ನು ಕೂರಿಸಿಕೊಂಡ ಸಿನಿಮಾದ ಮನುಷ್ಯ. ಅವನು ಕೆರಿಬಿಯನ್ ಕಡಲಿನವನು. ನಮ್ಮ ಕಡಲಿನ ಕಳ್ಳನನ್ನು ಗುರುತಿಸಲು ಅಂಥ ಯಾವ ವೇಷವೂ ಇರಲಿಲ್ಲ. ಮೀನು ಹಿಡಿಯುವವನು, ಅಕ್ಕಿ ಸಾಗಿಸುವವನು, ಅರಸನ ಪರವಾಗಿ ಕಾದುವವನು, ಒಮ್ಮೊಮ್ಮೆ ದೋಚುವವನು, ಇವರೆಲ್ಲರೂ ಒಬ್ಬನೇ ಆಗಿರಬಹುದಾಗಿತ್ತು. ಕಡಲ ದುಡಿಮೆಯ ಮನೆತನಗಳ ಮಕ್ಕಳ ಹೆಸರುಗಳು ನೂರು ವರ್ಷಗಳಿಂದ ಹಾಜರಿ ಪುಸ್ತಕದಲ್ಲಿರುವ ಕಾಸರಗೋಡಿನ ಕರಾವಳಿಯ ಶಾಲೆಯೊಂದರ ಸಂಚಿಕೆಯಲ್ಲಿ ಈ ವಿಷಯವನ್ನು ಎತ್ತಿಕೊಳ್ಳಲು ಅದೇ ಕಾರಣ. ಉತ್ತರಕ್ಕೆ ಬಾರಕೂರು, ಹೊನ್ನಾವರ, ದಕ್ಷಿಣಕ್ಕೆ ಏಳಿಮಲೆ, ವಡಗರ. ಹಳೆಯ ಪ್ರವಾಸಿಗಳು ಭಯದಿಂದ ಹೆಸರಿಸಿದ ಜಾಗಗಳ ನಟ್ಟನಡುವೆ ನಾವಿದ್ದೇವೆ.

ಈ ಭಯ ಬಹಳ ಹಳೆಯದು. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ರೋಮಿನ ಪ್ಲಿನಿಯು ಮುಜಿರಿಸ್ ಬಂದರಿಗೆ ಹೋಗುವ ವರ್ತಕರಿಗೆ ನಿತ್ರಿಯಾಸ್ ಎಂಬಲ್ಲಿನ ಕಡಲ್ಗಳ್ಳರ ವಿಷಯವಾಗಿ ಎಚ್ಚರಿಕೆ ಹೇಳಿದ್ದಾನೆ. ಆ ಹೆಸರು ನೇತ್ರಾವತಿಯದೆಂದು ಕೆಲವು ವಿದ್ವಾಂಸರು, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ್ದೆಂದು ಇನ್ನು ಕೆಲವರು ಹೇಳುತ್ತಾರೆ. ಮುಂದಿನ ಶತಮಾನದ ಟಾಲೆಮಿಯು ತನ್ನ ಭೂವಿವರಣೆಯಲ್ಲಿ ಈ ಕರಾವಳಿಯ ಒಂದು ಭಾಗಕ್ಕೆ ಕಡಲ್ಗಳ್ಳರ ನಾಡು ಎಂದೇ ಶಿರೋನಾಮೆ ಕೊಟ್ಟಿದ್ದಾನೆ. ಇವರಿಬ್ಬರೂ ಇಲ್ಲಿಗೆ ಬಂದವರಲ್ಲ, ಬಂದವರಿಂದ ಕೇಳಿ ಬರೆದವರು.

ಬದುಕಿನ ವಿವರ ಮೊದಲು ದೊರೆಯುವುದು ಮಾರ್ಕೊ ಪೋಲೊನಲ್ಲಿ. ಹದಿಮೂರನೆಯ ಶತಮಾನದ ಕೊನೆಗೆ ಈ ದಾರಿಯಾಗಿ ಹೋದ ಅವನು, ಮಲಬಾರಿನಿಂದಲೂ ಗುಜರಾತಿನಿಂದಲೂ ವರ್ಷವರ್ಷವೂ ನೂರಕ್ಕಿಂತ ಹೆಚ್ಚು ಹಡಗುಗಳು ದೋಚಲು ಹೊರಡುತ್ತವೆ ಎನ್ನುತ್ತಾನೆ. ಅವನು ಹೇಳುವ ಒಂದು ಮಾತು ನನ್ನನ್ನು ಬಹುಕಾಲ ಕಾಡಿದೆ. ಈ ಜನರು ಹೆಂಡತಿ ಮಕ್ಕಳನ್ನೂ ಹಡಗಿನಲ್ಲಿ ಕರೆದುಕೊಂಡು ಹೋಗಿ ಬೇಸಿಗೆಯುದ್ದಕ್ಕೂ ಕಡಲಿನಲ್ಲಿಯೇ ಇರುತ್ತಾರೆ ಎಂಬುದು ಅದು. ಅವನು ಕಂಡದ್ದು ನಿಜವಾಗಿ ಕಡಲ್ಗಳ್ಳರ ಸಂಸಾರಗಳನ್ನೋ, ಅಥವಾ ದೂರದಿಂದ ನೋಡಿ ಮೀನುಗಾರರ ಕುಟುಂಬಗಳನ್ನು ಕಳ್ಳರೆಂದು ತಿಳಿದನೋ ಎಂಬ ಸಂಶಯ ಬರುವುದು ಸಹಜ. ಆದರೆ ಸಂಶಯಕ್ಕೆ ಎಡೆಯಿದೆ ಎಂಬುದೇ ಒಂದು ಸಾಕ್ಷ್ಯ. ದಿನವೂ ಹಡಗಿನಲ್ಲಿ ತಿರುಗುತ್ತಿದ್ದ ಒಬ್ಬ ಚುರುಕುಗಣ್ಣಿನ ವರ್ತಕನಿಗೂ ಈ ಎರಡು ಬಗೆಯ ದೋಣಿಗಳನ್ನು ಬೇರ್ಪಡಿಸಿ ನೋಡುವುದು ಸುಲಭವಿರಲಿಲ್ಲವೆಂದಾಯಿತು.

ಅವರ ಕೆಲಸದ ಕ್ರಮವನ್ನೂ ಅವನು ವಿವರಿಸಿದ್ದಾನೆ. ಇಪ್ಪತ್ತು ಮೂವತ್ತು ಹಡಗುಗಳು ಒಂದು ಗುಂಪು. ಒಂದಕ್ಕೂ ಇನ್ನೊಂದಕ್ಕೂ ಐದಾರು ಮೈಲಿ ಅಂತರ ಬಿಟ್ಟು ಅವು ಸಾಲಾಗಿ ನಿಲ್ಲುತ್ತವೆ. ಹೀಗೆ ನೂರು ಮೈಲಿ ಕಡಲು ಒಂದು ಬಲೆಯೊಳಗೆ ಬರುತ್ತದೆ. ಯಾರಿಗಾದರೂ ವರ್ತಕರ ಹಡಗು ಕಂಡರೆ ಬೆಂಕಿ ಅಥವಾ ಹೊಗೆಯ ಸನ್ನೆ, ಕೂಡಲೇ ಎಲ್ಲವೂ ಅತ್ತ ನುಗ್ಗುತ್ತವೆ. ಈ ಲೆಕ್ಕ ಕಡಲನ್ನು ಬಲ್ಲವರ ಲೆಕ್ಕ. ತಗ್ಗಿನ ದೋಣಿಯಲ್ಲಿ ಎದ್ದುನಿಂತವನಿಗೆ ನೀರಿನ ಅಂಚು ಮೂರು ಮೈಲಿಯಷ್ಟರಲ್ಲೇ ಮುಗಿದುಹೋಗುತ್ತದೆ. ಆದರೆ ಹಾಯಿಯ ತುದಿಯೂ ಮೇಲೇರುವ ಹೊಗೆಯೂ ಅದರಾಚೆಗೂ ಕಾಣುತ್ತವೆ. ಐದಾರು ಮೈಲಿ ಎಂಬುದು ಒಬ್ಬರ ಸನ್ನೆ ಇನ್ನೊಬ್ಬರಿಗೆ ತಪ್ಪದೆ ಕಾಣುವ ದೂರ.

ಹಡಗನ್ನು ಹಿಡಿದ ಮೇಲೆ ಅವರು ಸರಕನ್ನು ತೆಗೆದುಕೊಂಡು ಜನರನ್ನು ಹೋಗಗೊಡುತ್ತಿದ್ದರು. ಮತ್ತೆ ದುಡಿದು ಬನ್ನಿ, ಅದೂ ನಮಗೇ ದೊರೆತೀತು ಎಂಬ ಅರ್ಥದ ಮಾತನ್ನು ಹೇಳಿ ಕಳುಹಿಸುತ್ತಿದ್ದರಂತೆ. ಇದರಲ್ಲಿ ಕುಹಕವಿದೆ, ಜೊತೆಗೆ ರೈತನ ಬುದ್ಧಿಯೂ ಇದೆ. ಬಿತ್ತನೆಯ ಬೀಜವನ್ನು ಯಾರೂ ತಿನ್ನುವುದಿಲ್ಲ. ಗುಜರಾತಿನ ಕಡಲ್ಗಳ್ಳರು ಮಾತ್ರ ಇನ್ನಷ್ಟು ಕಟ್ಟುನಿಟ್ಟಿನವರು. ವರ್ತಕರು ಮುತ್ತುರತ್ನಗಳನ್ನು ನುಂಗಿ ಬಚ್ಚಿಡುತ್ತಾರೆಂದು ಅವರಿಗೆ ಹುಣಿಸೆಹಣ್ಣನ್ನು ಕಡಲನೀರಿನಲ್ಲಿ ಕದಡಿ ಕುಡಿಸಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಗೆ ಬರಿಸಿ ಹುಡುಕುತ್ತಿದ್ದರೆಂದು ಅವನೇ ಬರೆದಿದ್ದಾನೆ. ಓದಿದರೆ ನಗು ಬರಬಹುದು. ಕುಡಿದವನಿಗೆ ನಗು ಬಂದಿರಲಾರದು.

ಈಗ ದೋಣಿಯೊಳಕ್ಕೆ ಇಳಿಯೋಣ. ಇಲ್ಲಿಯ ಹಳೆಯ ದೋಣಿಗಳಿಗೆ ಕಬ್ಬಿಣದ ಮೊಳೆಯಿಲ್ಲ. ಹಲಗೆಯನ್ನು ಹಲಗೆಗೆ ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳನ್ನು ತುಂಬಿ, ಮೀನೆಣ್ಣೆ ಬಳಿಯುತ್ತಿದ್ದರು. ಅಳಿವೆಯ ಮರಳದಿಬ್ಬಕ್ಕೆ ತಾಗಿದರೆ ಬಾಗುವ, ಒಡೆಯದ ದೋಣಿ ಅದು. ಆದರೆ ಹುರಿ ಸವೆಯುತ್ತದೆ, ವರ್ಷವರ್ಷವೂ ಬಿಚ್ಚಿ ಹೊಲಿಯಬೇಕು. ದೋಚಲು ಹೋಗುವ ದೋಣಿಗಳು ಉದ್ದವಾಗಿ, ಇಕ್ಕಟ್ಟಾಗಿ, ಹಾಯಿಯ ಜೊತೆಗೆ ಸಾಲುಸಾಲು ಹುಟ್ಟುಗಳನ್ನು ಹೊಂದಿರುತ್ತಿದ್ದವು. ಅದರ ಗುಟ್ಟು ನಮ್ಮ ಕರಾವಳಿಯ ಗಾಳಿಯಲ್ಲಿದೆ. ಬೇಸಿಗೆಯ ತಿಂಗಳುಗಳಲ್ಲಿ ಇರುಳಿನಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಗಾಳಿ, ಮಧ್ಯಾಹ್ನದ ಮೇಲೆ ಕಡಲಿನ ಕಡೆಯಿಂದ. ಒಂದು ಗಾಳಿ ಬಿದ್ದು ಇನ್ನೊಂದು ಏಳುವ ನಡುವಿನ ಹೊತ್ತಿನಲ್ಲಿ ವರ್ತಕನ ದೊಡ್ಡ ಹಡಗು ಹಾಯಿ ಜೋತುಬಿದ್ದು ನಿಂತಲ್ಲೇ ನಿಲ್ಲುತ್ತದೆ. ಹುಟ್ಟಿನ ದೋಣಿಗೆ ಬೇಕಾದುದು ಆ ಹೊತ್ತು.

ಹುಟ್ಟು ಹಾಕಲು ಜನ ಬೇಕು, ಜನರಿಗೆ ಅನ್ನ ನೀರು ಬೇಕು. ಕಡಲ್ಗಳ್ಳರ ಬದುಕನ್ನು ಆಳುತ್ತಿದ್ದುದು ಶೌರ್ಯಕ್ಕಿಂತ ಹೆಚ್ಚಾಗಿ ಈ ಲೆಕ್ಕವೆಂದು ನನಗೆ ತೋರುತ್ತದೆ. ಒಂದು ದೋಣಿಯಲ್ಲಿ 40 ಜನರೆಂದು ಇಟ್ಟುಕೊಳ್ಳೋಣ. ಬಿಸಿಲಿನಲ್ಲಿ ಹುಟ್ಟು ಹಾಕುವವನಿಗೆ ದಿನಕ್ಕೆ ನಾಲ್ಕು ಲೀಟರ್ ನೀರಾದರೂ ಬೇಕು. ಅಂದರೆ ಎಲ್ಲರಿಗೂ ಸೇರಿ 160 ಲೀಟರ್, ಐದು ದಿನಕ್ಕೆ 800 ಲೀಟರ್. ಹಗುರವಾಗಿರಬೇಕಾದ ದೋಣಿಯಲ್ಲಿ ಅಷ್ಟು ಭಾರದ ನೀರಿನ ಹಂಡೆಗಳನ್ನು ಎಲ್ಲಿಡುವುದು? ಇನ್ನು ಅಕ್ಕಿ. ತಲೆಗೆ ಒಂದು ಸೇರಿನಂತೆ ಹಿಡಿದರೆ 40 ಸೇರು. ತುಳುನಾಡಿನ ಬೈಹುಲ್ಲಿನ ಮುಡಿಗೆ 42 ಸೇರಿನ ಲೆಕ್ಕ. ಹೆಚ್ಚುಕಡಿಮೆ ದಿನಕ್ಕೊಂದು ಮುಡಿ ಅಕ್ಕಿ ಅನ್ನವಾಗಿ ಹೋಗಬೇಕು. ಅದರೊಂದಿಗೆ ಒಣಮೀನು, ತೆಂಗಿನಕಾಯಿ, ಉಪ್ಪು, ಬಾಯಿಗೆ ವೀಳ್ಯ. ಹಳೆಯ ಹಾಯಿಹಡಗುಗಳಲ್ಲಿ ಮರಳು ತುಂಬಿದ ಪೆಟ್ಟಿಗೆಯ ಮೇಲೆ ಒಲೆ ಹೂಡಿ ಬೇಯಿಸುವ ಕ್ರಮವಿತ್ತು. ಒಲೆ ಹೊತ್ತಿಸಿದರೆ ಹೊಗೆ, ಹೊಗೆ ಕಂಡರೆ ಬೇಟೆ ಎಚ್ಚರಗೊಳ್ಳುತ್ತದೆ. ಹೊಂಚು ಹಾಕುವ ದಿನ ತಂಗಳನ್ನವೇ ಗತಿಯಾಗಿದ್ದಿರಬೇಕು.

ಆದುದರಿಂದ ಇವರು ನಡುಗಡಲಿನ ಜನರಲ್ಲ, ಅಳಿವೆಯ ಜನರು. ನಾಲ್ಕೈದು ದಿನಕ್ಕೊಮ್ಮೆ ಸಿಹಿನೀರಿಗೆ ದಡ ಸೇರಲೇಬೇಕು. ನಮ್ಮ ಹೊಳೆಗಳ ಬಾಯಲ್ಲಿ ಮರಳದಿಬ್ಬಗಳಿವೆ. ಆಳವಾದ ಹಡಗು ಅಲ್ಲಿ ಒಳಗೆ ಬರಲಾರದು, ತಗ್ಗಿನ ದೋಣಿ ಉಬ್ಬರದ ಹೊತ್ತು ನೋಡಿ ನುಸುಳಿಬಿಡುತ್ತದೆ. ಒಳಗೆ ಬಂದರೆ ಬಾವಿಯಿದೆ, ತೆಂಗಿನ ತೋಟದ ನೆರಳಿದೆ, ಮನೆಯಿದೆ, ಸರಕನ್ನು ಕೊಳ್ಳುವವರಿದ್ದಾರೆ, ಪಾಲು ಕೇಳುವ ಸ್ಥಳೀಯ ಒಡೆಯನೂ ಇದ್ದಾನೆ. ಮಳೆಗಾಲದ ಮೂರು ತಿಂಗಳು ಕಡಲು ಎಲ್ಲರಿಗೂ ಮುಚ್ಚಿದ ಬಾಗಿಲು. ಕಳ್ಳನಿಗೂ ವರ್ತಕನಿಗೂ ಅದು ಒಂದೇ ಬಿಡುವು. ದೋಣಿಯನ್ನು ಮೇಲಕ್ಕೆಳೆದು ಮಡಲಿನ ಮಾಡು ಹೊದಿಸಿ, ಹುರಿ ಹೊಸೆಯುತ್ತ, ಸಾಲ ಮಾಡುತ್ತ ಕಳೆಯುವ ಕಾಲ. ಆಟಿ ತಿಂಗಳ ಹಸಿವನ್ನು ಬಲ್ಲ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಡೆಯನ ಪಾಲು ಎಂದೆನಷ್ಟೆ. ಇಬ್ನ್ ಬತೂತನು ಬೆತ್ತಲಾಗುವುದಕ್ಕೆ ಕೆಲವು ವರ್ಷಗಳ ಮೊದಲು ಅದೇ ಬಾರಕೂರಿನಲ್ಲಿ ಅತಿಥಿಯಾಗಿದ್ದನು. ಅಲ್ಲಿಯ ಅರಸನ ಹೆಸರನ್ನು ಅವನು ವಾಸುದೇವನೆಂಬಂತೆ ಬರೆಯುತ್ತಾನೆ. ಅರಸನಿಗೆ ಸುಮಾರು ಮೂವತ್ತು ಯುದ್ಧದ ಹಡಗುಗಳು, ಅವುಗಳ ನಾಯಕ ಲೂಲಾ ಎಂಬ ಮುಸಲ್ಮಾನ. ಈ ಲೂಲಾ ದುಷ್ಟ, ವರ್ತಕರನ್ನು ದೋಚುವವನು ಎಂದು ಇಬ್ನ್ ಬತೂತನು ಬೈದಿದ್ದಾನೆ. ದಾರಿಹೋಕ ಹಡಗುಗಳೆಲ್ಲ ಬಾರಕೂರಿಗೆ ಬಂದು ಬಂದರಿನ ಹಕ್ಕೆಂಬ ಕಾಣಿಕೆಯನ್ನು ಒಪ್ಪಿಸಬೇಕಾಗಿತ್ತು. ಒಪ್ಪಿಸದೆ ಮುಂದೆ ಸಾಗಿದವರನ್ನು ಬೆನ್ನಟ್ಟಿ ತಂದು ಇಮ್ಮಡಿ ಸುಂಕ ವಸೂಲು ಮಾಡುತ್ತಿದ್ದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಕಡಲಿನ ಮೇಲೂ ಸಲ್ಲುತ್ತಿತ್ತು. ಏಳಿಮಲೆಯ ರಾಜ್ಯದಲ್ಲಂತೂ, ಅಲ್ಲಿಗೆಂದೇ ಹೊರಡದ ಹಡಗು ಗಾಳಿಗೆ ಸಿಕ್ಕಿ ಹೊಳೆಯ ಬಾಯಿಗೆ ಬಂದರೆ, ನಿನ್ನನ್ನು ದೇವರೇ ನಮಗೆ ಕಳುಹಿಸಿದನೆಂದು ಸರಕನ್ನೆಲ್ಲ ಎತ್ತಿಕೊಳ್ಳುತ್ತಿದ್ದರೆಂದು ಮಾರ್ಕೊ ಪೋಲೊ ಹೇಳುತ್ತಾನೆ. ಲೂಲಾನ ಹಡಗಿನಲ್ಲಿ ಹುಟ್ಟು ಹಾಕುತ್ತಿದ್ದವನು ಸರಕಾರಿ ನೌಕರನೋ ಕಳ್ಳನೋ? ಅವನಿಗೆ ಅದರ ಭೇದ ತಿಳಿದಿತ್ತೆಂದು ನಾನು ಭಾವಿಸಲಾರೆ.

ಪೋರ್ಚುಗೀಸರು ಬಂದ ಮೇಲೆ ಈ ಭೇದ ಕಾಗದಕ್ಕೆ ಇಳಿಯಿತು. ಕರ್ತಾಜ್ ಎಂಬ ರಹದಾರಿ ಚೀಟಿಯಿಲ್ಲದೆ ಕಡಲಿನಲ್ಲಿ ಹಡಗು ಸಾಗಕೂಡದೆಂದು ಅವರು ವಿಧಿಸಿದರು. ಹಡಗಿನ ಯಜಮಾನನಾರು, ಎಲ್ಲಿಗೆ ಪ್ರಯಾಣ, ಆಯುಧಗಳೆಷ್ಟು ಎಂಬುದೆಲ್ಲ ಅದರಲ್ಲಿ ನಮೂದಾಗಬೇಕು. ಮೆಣಸಿನಂಥ ಸರಕುಗಳನ್ನು ಹೇರಕೂಡದು, ಅವರ ಕೋಟೆಯಿರುವ ಬಂದರಿನಲ್ಲಿ ಸುಂಕ ಕಟ್ಟಬೇಕು. ಚೀಟಿಯಿಲ್ಲದ ಹಡಗನ್ನು ಹಿಡಿದರೆ ಅದು ಕಾನೂನು, ಚೀಟಿಯಿಲ್ಲದವನು ತಿರುಗಿಬಿದ್ದರೆ ಅದು ಕಳ್ಳತನ. ಹೊನ್ನಾವರದ ತಿಮೋಜನನ್ನು ಪೋರ್ಚುಗೀಸರು ಮೊದಲು ಕಡಲ್ಗಳ್ಳನೆಂದೇ ಕರೆದರು. 1510ರಲ್ಲಿ ಗೋವೆಯ ಮೇಲೆ ಬೀಳುವಂತೆ ಅವನು ಆಲ್ಬುಕರ್ಕನನ್ನು ಪ್ರೇರೇಪಿಸಿ ನೆರವಾದಾಗ ಅದೇ ಮನುಷ್ಯ ಗೋವೆಯಲ್ಲಿ ಅವರ ಅಧಿಕಾರಿಯಾದನು.

ನಮ್ಮ ಸೀಮೆಗೆ ಸಂಬಂಧಿಸಿದ ಮುಖ್ಯ ಸಂಗತಿ ಮೆಣಸಿಗಿಂತಲೂ ಅಕ್ಕಿ. ಮಲಬಾರಿನಲ್ಲಿ ಬೆಳೆಯುವ ಅಕ್ಕಿ ಅಲ್ಲಿಯವರಿಗೆ ಸಾಲದು, ಅದು ಕನ್ನಡ ಜಿಲ್ಲೆಯಿಂದ ಹೋಗಬೇಕು. ಹದಿನಾರನೆಯ ಶತಮಾನದ ಆದಿಯಲ್ಲಿ ದುವಾರ್ತೆ ಬಾರ್ಬೋಸಾ ಎಂಬ ಪೋರ್ಚುಗೀಸನು ಕುಂಬಳೆಯನ್ನು ವರ್ಣಿಸುವಾಗ ಅರಮನೆಯನ್ನಾಗಲಿ ಗುಡಿಯನ್ನಾಗಲಿ ಎತ್ತಿಕೊಳ್ಳದೆ ಅಲ್ಲಿಯ ಅಗ್ಗದ ಕಪ್ಪು ಅಕ್ಕಿಯ ವಿಷಯ ಬರೆಯುತ್ತಾನೆ. ಮಲಬಾರಿನವರು ಬಡವರಿಗಾಗಿ ಅದನ್ನು ಕೊಂಡೊಯ್ಯುತ್ತಿದ್ದರು. ಮಾಲ್ದೀವಿನ ದ್ವೀಪಗಳಿಗೆ ಅದು ಹೋಗಿ, ಬದಲಿಗೆ ತೆಂಗಿನ ನಾರು ಬರುತ್ತಿತ್ತು. ಕುಂಬಳೆಯ ಅರಸರು ಪೋರ್ಚುಗೀಸರಿಗೆ 800 ಹೊರೆ ಅಕ್ಕಿಯನ್ನು ಕಪ್ಪವಾಗಿ ಕೊಡುತ್ತಿದ್ದರು. ಗೋವೆಯೂ ಇದೇ ಅಕ್ಕಿಯನ್ನು ನೆಚ್ಚಿಕೊಂಡಿತ್ತು. ಮಂಗಳೂರು, ಬಸರೂರು, ಹೊನ್ನಾವರಗಳಲ್ಲಿ 1568 ಮತ್ತು 1569ರಲ್ಲಿ ಪೋರ್ಚುಗೀಸರು ಕೋಟೆಗಳನ್ನು ಹಿಡಿದು ಕುಳಿತದ್ದಕ್ಕೆ ಇದೂ ಒಂದು ಕಾರಣ. ಕೋಟೆ ಯಾರದೋ ಅಕ್ಕಿ ಅವರದು.

ಆಗ ಕತ್ತಲೆಯಲ್ಲಿ ಅಕ್ಕಿಮುಡಿ ಹೇರಿಕೊಂಡು ದಕ್ಷಿಣಕ್ಕೆ ಜಾರುವ ಪ್ರತಿಯೊಂದು ದೋಣಿಯೂ ಗೋವೆಯ ದಫ್ತರದಲ್ಲಿ ಕಳ್ಳದೋಣಿ. ಬೆನ್ನಟ್ಟಿ ಬರುವ ಹಡಗನ್ನು ಎದುರಿಸಲು ಬಂದೂಕು ಇಟ್ಟುಕೊಂಡರೆ ಕಡಲ್ಗಳ್ಳರ ದೋಣಿ. ಉಳ್ಳಾಲದ ರಾಣಿಗೂ ಕಲ್ಲಿಕೋಟೆಯ ಸಾಮೂದಿರಿಗೂ ಮರಕ್ಕಾರ ನಾವಿಕರಿಗೂ ಇದ್ದ ನಂಟು ಈ ಅಕ್ಕಿಯ ದಾರಿಯಲ್ಲಿ ಬೆಳೆದದ್ದು. 1570ರ ಸುಮಾರಿಗೆ ಕುಟ್ಟಿ ಪೋಕರ್ ಮರಕ್ಕಾರನು ರಾಣಿಯ ಕೋರಿಕೆಯಂತೆ ಮಂಗಳೂರಿನ ಕೋಟೆಯ ಮೇಲೆ ರಾತ್ರಿ ಬಿದ್ದನು. ಹಿಂದಿರುಗುವಾಗ ಪೋರ್ಚುಗೀಸರ ನೌಕಾದಳಕ್ಕೆ ಸಿಕ್ಕಿ ಸತ್ತನು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಕಡಲ್ಗಳ್ಳರೆಲ್ಲರೂ ದೇಶಭಕ್ತರೆಂದು ತೀರ್ಮಾನವಾಗಿಬಿಡುತ್ತದೆ. ಈಚೆಗೆ ಹಾಗೆ ಬರೆಯುವ ವಾಡಿಕೆಯೂ ಇದೆ. ಅದನ್ನು ತಡೆಯುವ ಸಾಕ್ಷಿ ಮರಕ್ಕಾರರ ಕಡೆಯವನೇ. ಪೊನ್ನಾನಿಯ ಶೇಖ್ ಝೈನುದ್ದೀನ್ ಮಖ್ದೂಮರು ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಅರಬ್ಬಿಯಲ್ಲಿ ಬರೆದ ತುಹ್ಫತುಲ್ ಮುಜಾಹಿದೀನ್ ಗ್ರಂಥವು ಪೋರ್ಚುಗೀಸರ ವಿರುದ್ಧ ಕಾದಲು ಜನರನ್ನು ಹುರಿದುಂಬಿಸಲೆಂದೇ ರಚಿತವಾದುದು. ಅಂಥ ಗ್ರಂಥದಲ್ಲಿಯೇ ಅವರು ತಮ್ಮವರ ತಪ್ಪನ್ನು ಒಪ್ಪಿಕೊಂಡಿದ್ದಾರೆ. ಕಾದಲು ಹೊರಟವರು ಸಿರಿವಂತರಲ್ಲ, ಕೈಯಿಂದ ಖರ್ಚು ಮಾಡಿ ದೋಣಿ ಹೂಡಿದವರು. ಪರಂಗಿಯವರ ಹಡಗು ಸಿಕ್ಕದೆ ಹೋದಾಗ ಅವರು ಸಿಕ್ಕಿದವರನ್ನು ದೋಚಿದರು. ಅನ್ಯಮತದವರನ್ನೂ ಬಿಡಲಿಲ್ಲ, ಸ್ವಮತದವರನ್ನೂ ಬಿಡಲಿಲ್ಲ. ತಡೆದು ತಿದ್ದುವ ಬಲವುಳ್ಳ ನಾಯಕನೊಬ್ಬನೂ ಅವರಿಗಿರಲಿಲ್ಲ.

ನಾನು ಮೇಲೆ ಹೇಳಿದ ದೋಣಿಯ ಲೆಕ್ಕ ಇಲ್ಲಿ ತನ್ನ ಕರಾಳ ಮುಖವನ್ನು ತೋರಿಸುತ್ತದೆ. ದಿನಕ್ಕೊಂದು ಮುಡಿ ಅಕ್ಕಿ ಕರಗುತ್ತಿದೆ. ಸಾಲ ಕೊಟ್ಟವನು ದಡದಲ್ಲಿ ಕಾದಿದ್ದಾನೆ. ಹತ್ತು ದಿನ ಕಳೆದರೂ ಶತ್ರುವಿನ ಹಡಗು ಕಾಣದು. ಹನ್ನೊಂದನೆಯ ದಿನ ಕಾಣುವ ಹಾಯಿ ಪರಿಚಿತ ಊರಿನದು, ಒಂದೇ ದೇವರಿಗೆ ಕೈಮುಗಿಯುವವನದು. ಆ ಹೊತ್ತಿನಲ್ಲಿ ನಲವತ್ತು ಜನರ ನಡುವೆ ಯಾರು ಬೇಡವೆನ್ನಬಲ್ಲರು?

ಈ ಲೆಕ್ಕ ನಮ್ಮವರಿಗೆ ಮಾತ್ರ ಸಲ್ಲುವುದಲ್ಲ. 1697ರ ಸೆಪ್ಟೆಂಬರಿನಲ್ಲಿ ವಿಲಿಯಂ ಕಿಡ್ ಎಂಬ ಕಪ್ತಾನನು ಕಾರವಾರಕ್ಕೆ ಬಂದು ಸೌದೆ ನೀರು ತುಂಬಿಸಿಕೊಂಡನು. ಕಡಲ್ಗಳ್ಳರನ್ನು ಹಿಡಿಯಲು ಇಂಗ್ಲೆಂಡಿನ ದೊರೆಯ ಸನದು ಪಡೆದು ಬಂದವನು ಅವನು. ಅವನ ಹಡಗಿನವರಿಗೆ ಸಂಬಳವಿಲ್ಲ, ಹಿಡಿದ ಹಡಗಿನಲ್ಲಿ ಪಾಲು ಮಾತ್ರ. ಹಿಡಿಯಲು ಯಾರೂ ಸಿಕ್ಕಿರಲಿಲ್ಲ. ಕಾರವಾರದಲ್ಲಿ ಕೆಲವರು ಅವನನ್ನು ಬಿಟ್ಟು ಓಡಿಹೋದರು. ಅಲ್ಲಿಂದ ಲಕ್ಷದ್ವೀಪಕ್ಕೆ ಹೋಗಿ ಹಡಗನ್ನು ದುರಸ್ತಿ ಮಾಡಿಕೊಳ್ಳುವಾಗ ದ್ವೀಪದವರ ದೋಣಿಗಳನ್ನು ಒಡೆದು ಸೌದೆ ಮಾಡಿದರು. ದ್ವೀಪವಾಸಿಗೆ ದೋಣಿಯೇ ಹೊಲ, ದೋಣಿಯೇ ಎತ್ತು. ಅಕ್ಟೋಬರ್ 30ರಂದು ಬರಿಗೈಯ ಜಗಳ ಬೆಳೆದು, ಕಿಡ್ಡನು ವಿಲಿಯಂ ಮೂರ್ ಎಂಬ ತನ್ನ ಫಿರಂಗಿಯವನ ತಲೆಗೆ ಕಬ್ಬಿಣದ ಪಟ್ಟಿ ಹೊಡೆದ ಬಕೆಟ್ಟಿನಿಂದ ಬಡಿದನು, ಮರುದಿನ ಅವನು ಸತ್ತನು. ಮುಂದೆ ಕಿಡ್ಡನು ಸಿಕ್ಕಿದ ಹಡಗುಗಳನ್ನು ಹಿಡಿದನು. 1701ರಲ್ಲಿ ಲಂಡನ್ನಿನಲ್ಲಿ ಅವನನ್ನು ಗಲ್ಲಿಗೇರಿಸಿದಾಗ ಅವನ ಮೇಲಿದ್ದ ಆರೋಪಗಳಲ್ಲಿ ಆ ಬಕೆಟ್ಟಿನ ಕೊಲೆಯೂ ಒಂದು. ಸನದು, ಸಂಬಳವಿಲ್ಲದ ಪಾಲು, ಖಾಲಿ ಕಡಲು. ಪೊನ್ನಾನಿಯ ಶೇಖರು ನೂರು ವರ್ಷ ಮೊದಲು ಬರೆದಿಟ್ಟ ಕಥೆ ಇದೇ ಅಲ್ಲವೆ?

ದಡದ ಮೇಲೆ ಈ ಜನ ಹೇಗಿದ್ದರು ಎಂಬುದಕ್ಕೆ ಫ್ರೆಂಚಿನವನಾದ ಪಿರಾರನ ಮಾತು ಬೆಲೆಯುಳ್ಳದ್ದು. ಮಾಲ್ದೀವಿನಲ್ಲಿ ಹಡಗೊಡೆದು ಐದು ವರ್ಷ ಅಲ್ಲಿ ಸಿಕ್ಕಿಕೊಂಡಿದ್ದ ಅವನು, ಬಿಡುಗಡೆಯಾದ ಮೇಲೆ ಮಲಬಾರಿನ ಮುಟ್ಟುಂಗಲ್, ಚೋಂಬಾಲ, ವಡಗರಗಳ ಕಡಲ್ಗಳ್ಳರ ನಡುವೆ ಇದ್ದನು. ಅವರು ಅವನನ್ನು ಆದರದಿಂದ ನೋಡಿಕೊಂಡರು. ದಡದಲ್ಲಿ ಇವರು ಸಭ್ಯ ವರ್ತಕರು, ಕಡಲಿಗಿಳಿದರೆ ಬೇರೆಯೇ ಜನರು ಎಂಬುದು ಅವನ ಬರಹದ ಸಾರಾಂಶ. ಆ ಊರುಗಳಲ್ಲಿ ದಾಳಿಯ ಸರಕು ಮಾರಾಟವಾಗುತ್ತಿತ್ತು, ಮಸೀದಿಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು, ಮಕ್ಕಳಿಗೆ ಓದು ಕಲಿಸುತ್ತಿದ್ದರು. ಅವನು ಬರುವುದಕ್ಕೆ ಕೆಲವೇ ವರ್ಷ ಮೊದಲು, 1600ರಲ್ಲಿ, ನಾಲ್ಕನೆಯ ಕುಂಞಾಲಿ ಮರಕ್ಕಾರನ ಕೋಟೆ ಬಿದ್ದಿತ್ತು. ಒಂದು ಕಾಲದ ಒಡೆಯನಾದ ಸಾಮೂದಿರಿಯೇ ಪೋರ್ಚುಗೀಸರೊಡನೆ ಸೇರಿ ಅವನನ್ನು ಮುತ್ತಿದನು. ಜೀವ ಉಳಿಸುವೆನೆಂಬ ಮಾತನ್ನು ನಂಬಿ ಶರಣಾದವನನ್ನು ಪೋರ್ಚುಗೀಸರು ಗೋವೆಗೆ ಒಯ್ದು ತಲೆ ಕಡಿದರು. ಆ ತಲೆಯನ್ನು ಉಪ್ಪಿನಲ್ಲಿಟ್ಟು ಕಣ್ಣೂರಿಗೆ ತಂದು ಕಂಬಕ್ಕೆ ಸಿಕ್ಕಿಸಿದರು. ಅವನೂ ಕೈ ತೊಳೆದ ಮನುಷ್ಯನಲ್ಲ, ಅವನಿಂದ ನೊಂದವರಲ್ಲಿ ಇಲ್ಲಿಯ ವರ್ತಕರೂ ಇದ್ದರು. ಆದರೆ ಉಪ್ಪಿನಲ್ಲಿಟ್ಟ ತಲೆಯನ್ನು ನೋಡಿದ ಮೇಲೆ ಯಾರನ್ನು ನಾಗರಿಕರೆನ್ನಬೇಕೆಂದು ಹೇಳುವುದು ಕಷ್ಟ.

ಉತ್ತರದ ಆಂಗ್ರೆಗಳ ವಿಷಯ ಮಹಾರಾಷ್ಟ್ರದ ಚರಿತ್ರೆಯಲ್ಲಿ ವಿಸ್ತಾರವಾಗಿ ಬಂದಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ. ಕಾನ್ಹೋಜಿ ಆಂಗ್ರೆ ತಾನೇ ದಸ್ತಕ ಕೊಡುವ ಒಡೆಯನಾದನು, ಅದನ್ನು ಕೊಳ್ಳದ ಇಂಗ್ಲಿಷರು ಅವನನ್ನು ಕಡಲ್ಗಳ್ಳನೆಂದರು. ಒಂದು ಪ್ರಸಂಗವನ್ನು ಮಾತ್ರ ಬಿಡಲಾರೆ. 1712ರ ನವೆಂಬರಿನಲ್ಲಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ಆ್ಯನ್ ಎಂಬ ಹಡಗನ್ನು ಅವನ ದೋಣಿಗಳು ಮುತ್ತಿದವು. ಕಾರವಾರದ ಇಂಗ್ಲಿಷ್ ಕೋಠಿಯ ಥಾಮಸ್ ಚೌನ್ ಗುಂಡು ತಾಗಿ ಹೆಂಡತಿಯ ತೋಳಿನಲ್ಲಿಯೇ ಸತ್ತನು. ಅವಳ ಹೆಸರು ಕ್ಯಾಥರೀನ್. ಇನ್ನೂ ಇಪ್ಪತ್ತು ದಾಟದವಳು, ಬಸುರಿ, ಮೊದಲ ಗಂಡನನ್ನೂ ಕಾರವಾರದಲ್ಲಿಯೇ ಕಳೆದುಕೊಂಡವಳು. 30,000 ರೂಪಾಯಿ ಕೊಟ್ಟು ಬಿಡಿಸಿಕೊಳ್ಳುವವರೆಗೆ, ಮರುವರ್ಷದ ಫೆಬ್ರವರಿಯ ತನಕ, ಅವಳು ಕೋಟೆಯಲ್ಲಿ ಸೆರೆಯಿದ್ದಳು. ಕಡಲ್ಗಳ್ಳರ ದಿನಚರಿಯನ್ನು ಬರೆಯುವಾಗ ಕಾಯುತ್ತ ಕುಳಿತವರ ದಿನಚರಿಯನ್ನೂ ನೆನೆಯಬೇಕು. ದಡದಲ್ಲಿ ದೋಣಿಯ ದಾರಿ ನೋಡುತ್ತಿದ್ದ ಮುಟ್ಟುಂಗಲಿನ ಹೆಂಗಸರೂ ಅದೇ ಬಗೆಯ ದಿನಗಳನ್ನು ಕಳೆದಿರಬೇಕು. ಅವರ ಹೆಸರು ಮಾತ್ರ ನಮಗೆ ದಕ್ಕಿಲ್ಲ.

1756ರಲ್ಲಿ ಇಂಗ್ಲಿಷರು ವಿಜಯದುರ್ಗದಲ್ಲಿ ಆಂಗ್ರೆಯ ಹಡಗುಗಳನ್ನು ಸುಟ್ಟರು. ಆಮೇಲೆ ಈ ಕಡಲಿನಲ್ಲಿ ಚೀಟಿ ಕೊಡುವ ಕೈ ಒಂದೇ ಆಯಿತು. ಇಂದು ಮುಂಬಯಿಯಲ್ಲಿರುವ ಭಾರತೀಯ ನೌಕಾಪಡೆಯ ಎರಡು ನೆಲೆಗಳಿಗೆ ಕುಂಞಾಲಿ ಎಂದೂ ಆಂಗ್ರೆ ಎಂದೂ ಹೆಸರಿದೆ. ಹುಟ್ಟು ಹಾಕಿದವರ ಹೆಸರಿನಲ್ಲಿ ಏನೂ ಇಲ್ಲ, ಅದು ಸಹಜವೇ.

ಇಬ್ನ್ ಬತೂತನು ಕಳೆದುಕೊಂಡ ವಸ್ತುಗಳ ಪಟ್ಟಿಗೆ ಇನ್ನೊಂದು ಸೇರಬೇಕು. ಅವನು ಅದನ್ನು ಹೇಳಿಕೊಂಡದ್ದು ಬೇರೆಡೆ, ಬುಖಾರದ ವರ್ಣನೆಯ ನಡುವೆ. ಆ ಊರಿನ ವಿದ್ವಾಂಸರ ಗೋರಿಗಳ ಮೇಲಿನ ಬರಹಗಳನ್ನೂ ಅವರ ಗ್ರಂಥಗಳ ಹೆಸರುಗಳನ್ನೂ ಅವನು ಒಂದೊಂದಾಗಿ ನಕಲು ಮಾಡಿಟ್ಟುಕೊಂಡಿದ್ದನು. ಭಾರತದ ಕಡಲಿನಲ್ಲಿ ದೋಚಿದವರು ಉಳಿದುದರೊಂದಿಗೆ ಆ ಹಾಳೆಗಳನ್ನೂ ಒಯ್ದರು. ರತ್ನಗಳಿಗೆ ಗಿರಾಕಿಯಿದ್ದನು, ಬಟ್ಟೆಗೆ ಮೈಯಿತ್ತು. ಓದಲು ಬಾರದ ಲಿಪಿಯ ಆ ಕಾಗದಗಳನ್ನು ಅವರು ಅಳಿವೆ ದಾಟುವ ಮೊದಲೇ ನೀರಿಗೆ ಎಸೆದರೋ, ಮಳೆಗಾಲದ ಒಲೆಗೆ ಹಾಕಿದರೋ, ಅಥವಾ ಮನೆಯ ಹೆಂಗಸೊಬ್ಬಳು ಅದರಲ್ಲೇನಿದೆಯೆಂದು ಮಗುವಿಗೆ ತೋರಿಸುತ್ತ ಕೆಲವು ದಿನ ಇಟ್ಟುಕೊಂಡಳೋ.